ನಾಲ್ಕು ಒಳ್ಳೆಯ ಮಾತು

ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಬೇಕು ಎನ್ನುವುದು ನಮ್ಮಲ್ಲಿ ಎಲ್ಲರೂ ಒಪ್ಪಿಕೊಂಡು ಬಂದ ರೀತಿ. ಆದರೆ ಆ ನಾಲ್ಕೂ ಮಾತು ಸುಳ್ಳಾಗಿದ್ದರೆ? ಯಾರಿಗೂ ಕೇಡು ಮಾಡದ ಸಣ್ಣ ಸುಳ್ಳು, ದುಃಖದಲ್ಲಿರುವ ಮನೆಯವರಿಗೆ ಅಷ್ಟು ಸಮಾಧಾನವಾದರೆ ಸಾಕು. ಹೀಗೆಂದುಕೊಂಡೇ ನಾನು 2024ರ ಶ್ರಾವಣದಲ್ಲಿ ಸವಣೂರಿನ ಒಂದು ಸಭೆಯಲ್ಲಿ ಎದ್ದು ನಿಂತು ಎರಡು ನಿಮಿಷ ಮಾತಾಡಿ ಬಂದೆ. ಅಂದಿನಿಂದ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಿಕೆಯ ಚೂರಿನ ಹಾಗೆ ನಾಲಿಗೆಗೆ ತಾಕುತ್ತಲೇ ಇದೆ.

ತೀರಿಕೊಂಡಾಕೆ ನನ್ನ ಗೆಳತಿ. ಮೊದಲು ಕಂಡದ್ದು 1991ರಲ್ಲಿ, ಹಾನಗಲ್ಲಿನಲ್ಲಿ. ಆಗಿನ್ನೂ ಹಾವೇರಿ ಜಿಲ್ಲೆ ಆಗಿರಲಿಲ್ಲ. ಅದು ಆದದ್ದು 1997ರಲ್ಲಿ. ಪಗಾರದ ತಕರಾರು, ವರ್ಗಾವಣೆಯ ಅರ್ಜಿ ಏನಿದ್ದರೂ ಧಾರವಾಡಕ್ಕೆ ಓಡಬೇಕಿತ್ತು. ನಾನು ಶಿಗ್ಗಾವಿಯ ಹುಡುಗಿ, ಕನ್ನಡ ಕಲಿಸಲು ಹೊಸದಾಗಿ ಸೇರಿದ್ದೆ. ಅವಳು ಹಿರೇಕೆರೂರು ಕಡೆಯವಳು, ಗಣಿತ ಕಲಿಸುತ್ತಿದ್ದಳು, ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಇಬ್ಬರೂ ಸೇರಿ ಎರಡು ಖೋಲಿಯ ಬಾಡಿಗೆ ಮನೆ ಹಿಡಿದೆವು. ಮೊದಲ ವಾರವೇ ನನ್ನ ಸಾರಿನ ರುಚಿ ನೋಡಿ, "ಇದಕ್ಕ ಹೆಸರಿಟ್ಟೀಯೇನ, ಇಲ್ಲಾ ಇನ್ನೂ ಇಡಬೇಕ?" ಎಂದಳು. ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ; ಎದ್ದು ಹೋಗಿ ಇನ್ನೊಮ್ಮೆ ಒಗ್ಗರಣೆ ಹಾಕಿ ಪೂರ್ತಿ ಉಂಡಳು. ಅಂದಿನಿಂದ ನಾನು ಅವಳನ್ನು ಅಕ್ಕಾ ಎಂದು ಕರೆದೆ, ಅವಳು ನನ್ನನ್ನು ತಂಗಿ ಎಂದು.

ಅವಳ ಮಾತು ಹಾಗೆಯೇ. ಸರ್ವಜ್ಞನ ಹೆಸರಿನೊಡನೆ ಬರುವ ಅಬಲೂರು, ಮಾಸೂರು ಎರಡೂ ಆಗ ಅವಳ ತಾಲೂಕಿನಲ್ಲೇ ಇದ್ದವು. ಯಾರಾದರೂ "ಯಾಕ ಬಾಯಾರ, ಇಷ್ಟು ಖಾರ ಮಾತಾಡ್ತೀರಿ" ಎಂದರೆ, "ನಮ್ಮ ಕಡೆ ನೀರಾಗ ಐತಿ" ಎನ್ನುತ್ತಿದ್ದಳು. ಹೆಡ್‌ಮಾಸ್ತರರಿಗೂ ಅಷ್ಟೆ, ಸಿಪಾಯಿಗೂ ಅಷ್ಟೆ, ಸ್ವಂತ ಗಂಡನಿಗೂ ಅಷ್ಟೆ. ಒಂದು ರೂಪಾಯಿ ಸಾಲ ಕೊಟ್ಟರೆ ಬರೆದಿಡುತ್ತಿದ್ದಳು, ತೆಗೆದುಕೊಂಡರೂ ಬರೆದಿಡುತ್ತಿದ್ದಳು. ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಮೊದಲಿನ ವರ್ಷಗಳಲ್ಲಿ ಹುಡುಗರಿಗೆ ಹೊಡೆಯುತ್ತಿದ್ದಳು, ಅದನ್ನೂ ಹೇಳಬೇಕು. ಆಮೇಲೆ ಬಿಟ್ಟಳು. ಯಾಕೆ ಬಿಟ್ಟೆ ಎಂದು ಕೇಳಿದರೆ, "ಹೊಡದರ ಲೆಕ್ಕ ಬರೂದಿಲ್ಲ, ಅಳು ಬರತೈತಿ. ಎಂಟು ವರ್ಷ ಬೇಕಾತು ನನಗ ತಿಳೀಲಿಕ್ಕೆ" ಎಂದಿದ್ದಳು. ಇದೇ ಅವಳು ತಪ್ಪು ಒಪ್ಪಿಕೊಳ್ಳುವ ರೀತಿಯಾಗಿತ್ತೇನೋ.

ಮತ್ತೊಂದು ರೂಢಿ ಅವಳದು. ಲೆಕ್ಕ ತಪ್ಪಾಗಿದ್ದರೆ ಎಲ್ಲರೂ ಇಡೀ ಪುಟಕ್ಕೆ ಅಡ್ಡಗೆರೆ ಹೊಡೆಯುವುದು ವಾಡಿಕೆ. ಅವಳು ಸಾಲು ಸಾಲಾಗಿ ಓದುತ್ತ ಹೋಗಿ, ತಪ್ಪು ಎಲ್ಲಿ ಹುಟ್ಟಿದೆಯೋ ಅದರ ಮೇಲೆ ಕೆಂಪು ಗೆರೆ ಎಳೆದು ಪಕ್ಕಕ್ಕೆ "ಇಲ್ಲೀತನಕ ಸರಿ" ಎಂದು ಬರೆಯುತ್ತಿದ್ದಳು. ಶುದ್ಧ ಪುಸ್ತಕದ ಕನ್ನಡದಲ್ಲಿ ಬರೆ ಎಂದು ನಾನು ರೇಗಿಸಿದರೂ ಬದಲಿಸಲಿಲ್ಲ. ನಲವತ್ತು ನೋಟ್‌ಬುಕ್ಕು ತಿದ್ದಲು ನಡುರಾತ್ರಿಯಾಗುತ್ತಿತ್ತು. ಮೂಗಿನ ತುದಿಗೆ ಕನ್ನಡಕ, ಪಕ್ಕದಲ್ಲಿ ಸವಣೂರು ಖಾರದ ಪೊಟ್ಟಣ.

ರವಿವಾರ ತಾರಕೇಶ್ವರ ದೇವಸ್ಥಾನಕ್ಕೆ ಹೋಗುತ್ತಿದ್ದೆವು. ದೊಡ್ಡ ಕಮಲವನ್ನು ತಲೆಕೆಳಗಾಗಿ ಇಳಿಬಿಟ್ಟಂಥ ಅಲ್ಲಿನ ಛತ್ತನ್ನು ಹಾನಗಲ್ಲಿಗೆ ಬಂದವರೆಲ್ಲ ಕತ್ತೆತ್ತಿ ನೋಡುತ್ತಾರೆ. ಅವಳ ಕಣ್ಣು ಹೋಗುತ್ತಿದ್ದದ್ದು ಹೊರಗಿನ ವೀರಗಲ್ಲುಗಳ ಕಡೆ. ನಾನು ಕನ್ನಡ ಮಾಸ್ತರಿಣಿಯ ಜಂಬದಿಂದ ವಿವರಿಸಿದೆ: ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು ಕುಳಿತಿರುವುದು. ಅವಳು ಒಂದೊಂದನ್ನೇ ಬಗ್ಗಿ ನೋಡಿ, "ಎಲ್ಲಾರ ಮಾರೀನೂ ಒಂದ ಥರಾ ಐತಲ್ಲ ತಂಗಿ. ಇವರೊಳಗ ಸಿಟ್ಟಿನಾಂವ ಯಾರು, ನಗಸಾಂವ ಯಾರು? ಹೆಂಡತಿಗೆ ಹೆಂಗ ಗುರುತು ಸಿಗಬೇಕು?" ಎಂದಳು. ನಾನು ನಕ್ಕುಬಿಟ್ಟೆ.

ಅವಳು ಸತ್ತದ್ದು ಒಂದು ರಾತ್ರಿ ಒಂದು ಬೆಳಗಿನೊಳಗೆ. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು, ಸವಣೂರಿನಲ್ಲಿ ಮನೆ ಕಟ್ಟಿಸಿದ್ದಳು. ರಾತ್ರಿ ಊಟವಾದ ಮೇಲೆ ಬೆನ್ನು, ದವಡೆ ನೋವು, ಹೊಟ್ಟೆ ತೊಳಸಿದ ಹಾಗೆ. ಗ್ಯಾಸ್ ಎಂದು ಅಜವಾನ ಜಗಿದು ಮಲಗಿದಳಂತೆ. ಬೆಳಿಗ್ಗೆ ಬಚ್ಚಲಕ್ಕೆ ಹೋದವಳು ಅಲ್ಲೇ ಕುಸಿದಳು. ಹೆಂಗಸರಿಗೆ ಹೃದಯದ ತೊಂದರೆ ಎದೆನೋವಿನ ರೂಪದಲ್ಲೇ ಬರಬೇಕೆಂದಿಲ್ಲ. ಬೆನ್ನು, ದವಡೆ, ಸುಸ್ತು, ವಾಕರಿಕೆ ಹೀಗೆ ವೇಷ ಬದಲಿಸಿಯೂ ಬರುತ್ತದೆ. ನಾವು ಅದಕ್ಕೆ ಅಜವಾನ ಕೊಟ್ಟು ಮಲಗಿಸುತ್ತೇವೆ. ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಸರಕಾರ ಅವರ ಹೆಸರಿನಲ್ಲೇ 2023ರಲ್ಲಿ ಹೃದಯಜ್ಯೋತಿ ಎಂಬ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಬಿಟ್ಟಿಯಾಗಿ ಕೊಡುವ ಯೋಜನೆ. ಅದರ ಸುದ್ದಿಯನ್ನು ಪೇಪರಿನಲ್ಲಿ ಓದಿ ಓಣಿಯವರಿಗೆಲ್ಲ ಹೇಳಿದವಳೇ ಅವಳು ಎಂದು ಅವಳ ಗಂಡ ಅಂದು ಹೇಳಿ ಹೇಳಿ ಅತ್ತರು. ಲೆಕ್ಕ ಬಲ್ಲವಳು ತನ್ನ ಲೆಕ್ಕವೊಂದನ್ನು ಬಿಟ್ಟಿದ್ದಳು.

ಮಣ್ಣಿಗೆ ಹೋದೆ. ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕೂರಿಸಿದ್ದರು. ಬಂದ ಹೆಂಗಸರೆಲ್ಲ ಒಂದೇ ಮಾತು: "ಪುಣ್ಯವಂತಿ, ಮುತ್ತೈದೆಯಾಗಿ ಹೋದಳು." ಆ ಮಾತನ್ನು ಅವಳು ಎಷ್ಟು ಸಲ ಬೈದಿದ್ದಳು! "ಗಂಡನಕಿಂತ ಮೊದಲ ಸಾಯೂದು ಪರೀಕ್ಷಾದಾಗ ಫಸ್ಟ್ ಬಂದಂಗೇನ? ಹಂಗಾರ ಗಂಡ ಸತ್ತಾಕಿ ನಪಾಸೇನ?" ಎಂದು ಒಮ್ಮೆ ಸ್ಟಾಫ್‌ರೂಮಿನಲ್ಲಿ ಕೇಳಿದಾಗ ಅಲ್ಲಿ ಕುಳಿತಿದ್ದ ವಿಧವೆಯಾದ ಒಬ್ಬ ಹಿರಿಯ ಶಿಕ್ಷಕಿ ತಲೆ ಎತ್ತಿ ಅವಳನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಈಗ ಅದೇ ಮಾತಿನ ನಡುವೆ ಅವಳು ಕುಳಿತಿದ್ದಳು, ಎದ್ದು ಜಗಳವಾಡುವ ಹಾಗಿರಲಿಲ್ಲ.

ಒಂಬತ್ತು ದಿನ ಬಿಟ್ಟು ಜತೆಗೆ ಕೆಲಸ ಮಾಡಿದವರೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ನೀವೂ ಇಂಥ ಸಭೆಗಳಿಗೆ ಹೋಗಿರುತ್ತೀರಿ. ಫೋಟೋಕ್ಕೆ ಮಾಲೆ, ಊದುಬತ್ತಿ, ಒಂದು ನಿಮಿಷದ ಮೌನ. ಆಮೇಲೆ ಒಬ್ಬೊಬ್ಬರಾಗಿ ಎದ್ದು ಅಜಾತಶತ್ರು, ಮೃದುಭಾಷಿ, ಸದಾ ಹಸನ್ಮುಖಿ, ತುಂಬಲಾರದ ಹಾನಿ. ಸತ್ತ ಎಮ್ಮೆ ಹಂಡೆ ಹಾಲು ಕೊಡುತ್ತಿತ್ತು ಎಂದು ನಮ್ಮ ಕಡೆ ನಗುವುದುಂಟು. ನಗಬಾರದ ಜಾಗದಲ್ಲೇ ನನಗದು ನೆನಪಾಯಿತು. ನನ್ನ ಸರದಿ ಬಂತು. ಎದ್ದು ನಿಂತು, "ಅವರು ಎಂದೂ ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಎಂದೆ. ಧ್ವನಿ ನಡುಗಿತು, ಕೆಲವರು ಕಣ್ಣೊರೆಸಿಕೊಂಡರು. ನನ್ನ ಮಾತು ಚೆನ್ನಾಯಿತು ಎಂದು ಪಕ್ಕದವರು ಕಿವಿಯಲ್ಲಿ ಹೇಳಿದರು.

ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬ ಹೆಂಗಸು ಬಂದಳು. ಹಳೆಯ ವಿದ್ಯಾರ್ಥಿನಿ, ಈಗ ಅಂಗನವಾಡಿಯಲ್ಲಿ ಕೆಲಸ. "ಬಾಯಾರ, ಒಳಗ ಎಲ್ಲಾರೂ ಯಾರ ಬಗ್ಗೆ ಮಾತಾಡಿದ್ರಿ? ನಮ್ಮ ಗಣಿತದ ಬಾಯಾರು ಅಂಥಾವರು ಇರಲಿಲ್ಲರಿ. ನನಗ ಎರಡು ವರ್ಷ ಬೈದು ಬೈದು ಪಾಸ್ ಮಾಡಿಸಿದ್ರು" ಎಂದಳು. ಅವಳ ಮುಖದಲ್ಲಿ ಸಿಟ್ಟೇ ಇತ್ತು, ಯಾರೋ ಅವಳ ಒಡವೆ ಅಡಗಿಸಿಟ್ಟ ಹಾಗೆ.

ಈಗ ನಾನು ಮುಚ್ಚಿಟ್ಟ ವಿಷಯಕ್ಕೆ ಬರಬೇಕು. ಅಕ್ಕ ಸಾಯುವಾಗ ನಾವಿಬ್ಬರೂ ಮಾತು ಬಿಟ್ಟು ಐದು ವರ್ಷ ದಾಟಿತ್ತು.

2019ರ ಎಸ್ಸೆಸ್ಸೆಲ್ಸಿ ಪರೀಕ್ಷೆ. ಊರಿನ ಹೆಸರು ಬೇಡ, ನಾಲ್ಕು ತಾಲೂಕಿನಲ್ಲಿ ಯಾವುದೋ ಒಂದು. ಫಲಿತಾಂಶ ಕಡಿಮೆಯಾದರೆ ವಿವರಣೆ ಕೇಳುತ್ತಾರೆಂಬ ಹೆದರಿಕೆ ಎಲ್ಲರಿಗೂ ಇತ್ತು. "ಸ್ವಲ್ಪ ನೋಡಿಕೊಂಡು ಮಾಡಿರಿ" ಎಂಬ ಮಾತು ಬಾಯಿಂದ ಬಾಯಿಗೆ ಬಂತು. ಯಾರೂ ಹುಕುಂ ಕೊಡಲಿಲ್ಲ. ಹಾಗೆ ನೋಡಿದರೆ ಅದು ನನ್ನದೇ ತೀರ್ಮಾನ. ನನ್ನ ಕೋಣೆಯಲ್ಲಿ ಚೀಟಿ ಓಡಾಡಿದವು, ನಾನು ಕಿಟಕಿಯಾಚೆ ನೋಡುತ್ತ ನಿಂತೆ. ಕೊನೆಯ ಅರ್ಧ ತಾಸಿನಲ್ಲಿ ಒಂದು ಹುಡುಗಿ ಅಳುತ್ತಿದ್ದಳು, ಅವಳಿಗೆ ಎರಡು ಉತ್ತರ ನಾನೇ ಹೇಳಿದೆ. ಮರುಕದಿಂದ ಎಂದುಕೊಂಡಿದ್ದೆ. ಪಕ್ಕದ ಕೋಣೆಯಲ್ಲಿ ಮೇಲ್ವಿಚಾರಣೆಗಿದ್ದ ಅಕ್ಕ ಬಾಗಿಲಲ್ಲಿ ಹಾದು ಹೋಗುವಾಗ ಕಂಡಳು.

ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ಹತ್ತು ಜನರ ಮುಂದೆ ಅಂದಳು: "ತಂಗಿ, ನೀ ದಾನಾ ಮಾಡೇನಿ ಅಂತ ತಿಳಕೊಂಡೀ. ಕದ್ದು ಕೊಟ್ಟೀ. ಯಾರದು ಕದ್ದೀ ಗೊತ್ತೇನ? ನನ್ನ ಕೋಣ್ಯಾಗ ಬರದದ್ದಷ್ಟು ಬರದು ತೆಪ್ಪಗೆ ಕುಂತಿದ್ದರಲ್ಲ, ಆ ಹುಡುಗೂರದು." ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ಒಬ್ಬಳನ್ನೇ ಕರೆದು ಹೇಳಬಹುದಿತ್ತು. ಹಾಗೆ ಹೇಳಿದ್ದರೆ ಅವಳು ಅವಳಾಗುತ್ತಿರಲಿಲ್ಲ, ಆದರೂ ಹೇಳಬಹುದಿತ್ತು. ಈ ವಿಷಯದಲ್ಲಿ ಇಂದಿಗೂ ನನ್ನ ಮನಸ್ಸು ಪೂರ್ತಿ ಅವಳ ಕಡೆಗಿಲ್ಲ. ಅವಳು ಮೇಲಿನವರಿಗೆ ಬರೆಯಲಿಲ್ಲ, ಅದನ್ನೂ ಹೇಳಬೇಕು. ನಾನು ಅಂದೇ ಮಾತು ಬಿಟ್ಟೆ.

ಮಾತು ಬಿಡುವುದು ಒಂದು ದಿನದ ಕೆಲಸವಲ್ಲ, ದಿನಾ ಮಾಡಬೇಕಾಗುತ್ತದೆ. ಹಬ್ಬ ಬಂದಾಗ ಫೋನು ಎತ್ತದೆ ಇರಬೇಕು, ಎದುರು ಸಿಕ್ಕರೆ ಅಂಗಡಿಯೊಳಗೆ ಹೊಕ್ಕು ಬೇಡದ್ದನ್ನು ಕೊಳ್ಳಬೇಕು. 2021ರ ಅಕ್ಟೋಬರ್ 29ರಂದು ಹಾನಗಲ್ ಉಪಚುನಾವಣೆಯ ಕೆಲಸಕ್ಕೆ ಇಬ್ಬರಿಗೂ ಆದೇಶ ಬಂದಿತ್ತು. ಮತಯಂತ್ರ ಪಡೆಯಲು ಸಾಲಿನಲ್ಲಿ ನಿಂತಾಗ ಪುನೀತ್ ಹೋದ ಸುದ್ದಿ ಬಂತು. ನಲವತ್ತಾರು ವರ್ಷ. ಯಾರೂ ಮೊದಲು ನಂಬಲಿಲ್ಲ, ಆಮೇಲೆ ಗಂಡಸರೂ ಮೊಬೈಲು ನೋಡುತ್ತ ಅತ್ತರು. ನಾನು ಒಂದು ಮೂಲೆಯಲ್ಲಿ ಕುಳಿತಿದ್ದೆ. ಅಕ್ಕ ಬಂದು ಪಕ್ಕದಲ್ಲಿ ಕುಳಿತಳು. ಬಹಳ ಹೊತ್ತು ಸುಮ್ಮನಿದ್ದು ಡಬ್ಬಿ ತೆರೆದಳು, ಜೋಳದ ರೊಟ್ಟಿ, ಪುಂಡಿಪಲ್ಲೆ. "ಊಟಾ ಆತೇನ?" ಎಂದಳು. ಬೆಳಗಿನಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. "ಆಗೇತಿ" ಎಂದೆ. ಅವಳು ಡಬ್ಬಿ ಮುಚ್ಚಿ ಎದ್ದು ಹೋದಳು. ಅವಳೂ ಅಂದು ಉಣ್ಣಲಿಲ್ಲ. ಮರುವರ್ಷ ಅವಳ ಬೀಳ್ಕೊಡುಗೆಗೆ ನಾನು ಹೋಗಲಿಲ್ಲ, ಜ್ವರವೆಂದು ಹೇಳಿ ಕಳಿಸಿದೆ.

2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂದವು, ವೆಬ್‌ಕಾಸ್ಟಿಂಗ್ ಆಯಿತು. ಹಿಂದಿನ ವರ್ಷ ನೂರಕ್ಕೆ 83ರ ಮೇಲಿದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಹೆಚ್ಚಿಸಿ ಕೊಟ್ಟ ಮೇಲೂ 73ರ ಆಸುಪಾಸಿಗೆ ಇಳಿಯಿತು. ನಾವೆಲ್ಲ ಕಿಟಕಿಯಾಚೆ ನೋಡುತ್ತ ನಿಂತದ್ದರ ಲೆಕ್ಕ ಅದು ಎಂದು ನನಗೆ ಅನ್ನಿಸಿತು. ಆ ಸಂಜೆ ಫೋನು ಕೈಗೆತ್ತಿಕೊಂಡೆ, "ಅಕ್ಕಾ, ನೀ ಅಂದದ್ದು ಖರೇ ಇತ್ತು" ಎನ್ನಲು. ಅವಳ ಹೆಸರು ಹುಡುಕಿದೆ, ಒತ್ತಲಿಲ್ಲ. ನಾಗರಪಂಚಮಿಗೆ ಉಂಡಿ ಕಟ್ಟಿಕೊಂಡು ನಾನೇ ಹೋದರಾಯಿತು ಎಂದುಕೊಂಡೆ. ಆ ಶ್ರಾವಣದಲ್ಲೇ ಅವಳು ಹೋದಳು.

ಇಷ್ಟೆಲ್ಲ ಇದ್ದು ನಾನು ಸಭೆಯಲ್ಲಿ ಆ ಮಾತು ಆಡಿದ್ದೇಕೆ? ದಾಕ್ಷಿಣ್ಯಕ್ಕೆ ಎಂದು ಮೊದಲು ಹೇಳಿಕೊಂಡೆ. ಸಾವಿನ ಮನೆಯವರ ಮುಂದೆ ಸತ್ತವರ ತಪ್ಪು ಎಣಿಸುವುದು ಕ್ರೌರ್ಯ, ಅದರಲ್ಲಿ ಎರಡು ಮಾತಿಲ್ಲ. ಸತ್ತವರು ಎದ್ದು ಬಂದು ಉತ್ತರ ಕೊಡಲಾರರು, ಆದ್ದರಿಂದ ಬೈಯಬಾರದು, ಇದೂ ಸರಿ. ಆದರೆ ಅವರು ನಮ್ಮ ಹೊಗಳಿಕೆಯನ್ನೂ ಬೇಡ ಎನ್ನಲಾರರಲ್ಲ. ಬದುಕಿದ್ದಾಗ ಅಕ್ಕನನ್ನು ಯಾರಾದರೂ ಮೃದುಭಾಷಿ ಎಂದಿದ್ದರೆ ಅವಳು ಅಲ್ಲೇ ತಕರಾರು ತೆಗೆಯುತ್ತಿದ್ದಳು. ಹೆಂಗಸು ಸತ್ತಾಗಲಂತೂ ನಮ್ಮ ಹತ್ತಿರ ಇರುವುದು ಒಂದೇ ಅಚ್ಚು: ಹೊಂದಿಕೊಂಡು ಹೋದವಳು, ಎದುರಾಡದವಳು, ಮುತ್ತೈದೆ. ಅದರೊಳಗೆ ಹಿಡಿಯದ ಮೂಗು, ಕಿವಿಗಳನ್ನು ಕತ್ತರಿಸಿ ಕೂರಿಸುತ್ತೇವೆ. ಹಾನಗಲ್ಲಿನ ಕಲ್ಲುಗಳ ಮುಂದೆ ಅವಳು ಕೇಳಿದ ಪ್ರಶ್ನೆಗೆ ನಾನು ಆಗ ನಕ್ಕಿದ್ದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದು ತಿಳಿಯಲು ನನಗೆ ಕೆಲವು ದಿನ ಹಿಡಿಯಿತು. ಅವಳು ಯಾರನ್ನೂ ನೋಯಿಸಿದವಳಲ್ಲ ಎಂದರೆ ನನ್ನನ್ನೂ ನೋಯಿಸಲಿಲ್ಲ ಎಂದಾಯಿತು. ನನ್ನನ್ನು ನೋಯಿಸಲಿಲ್ಲ ಎಂದರೆ ಅಂದು ಚಹಾದ ಹೊತ್ತಿನಲ್ಲಿ ಅವಳು ಏನೂ ಹೇಳಲೇ ಇಲ್ಲ. ಅವಳು ಹೇಳಲೇ ಇಲ್ಲವಾದರೆ ನಾನು ಆ ಕೋಣೆಯಲ್ಲಿ ಏನೂ ಮಾಡಲಿಲ್ಲ. ಒಂದು ಹೊಗಳಿಕೆಯಿಂದ ಎಷ್ಟು ಕೆಲಸ! ಅವಳನ್ನು ಒಳ್ಳೆಯವಳು ಮಾಡುವ ನೆವದಲ್ಲಿ ನಾನು ನನ್ನ ಕಡತ ಮುಚ್ಚಿಕೊಂಡಿದ್ದೆ. ಸಾಕ್ಷಿ ಹೇಳಬೇಕಾದವಳ ಫೋಟೋಕ್ಕೆ ಮಾಲೆ ಹಾಕಿಯಾಗಿತ್ತು.

ನಮ್ಮ ಶಿಗ್ಗಾವಿ ತಾಲೂಕಿನ ಬಂಕಾಪುರದ ಬಗ್ಗೆ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಮಹಾಪುರಾಣ ಬರೆಯುತ್ತಿದ್ದವರು, ಅದರ ಆದಿಪುರಾಣ ಭಾಗದ 42 ಪರ್ವ ಮುಗಿಸಿ, 43ನೆಯದರಲ್ಲಿ ಮೂರು ಶ್ಲೋಕ ಬರೆದು ತೀರಿಕೊಂಡರು. ಶಿಷ್ಯ ಗುಣಭದ್ರ ನಾಲ್ಕನೆಯ ಶ್ಲೋಕದಿಂದ ಹಿಡಿದುಕೊಂಡು ಆದಿಪುರಾಣ ಪೂರೈಸಿ, ಉತ್ತರಪುರಾಣವನ್ನೂ ಬರೆದ. ಕ್ರಿ.ಶ. 898ರಲ್ಲಿ ಆ ಗ್ರಂಥಕ್ಕೆ ಪೂಜೆ ಸಂದದ್ದು ಇದೇ ಬಂಕಾಪುರದಲ್ಲಿ. ಪರೀಕ್ಷೆಗೆ ಬರುತ್ತದೆ, ಇಸವಿ ನೆನಪಿಡಿರಿ ಎಂದಷ್ಟೇ ಹೇಳಿ ಪಾಠ ಮುಂದಕ್ಕೆ ಹೋಗುತ್ತಿತ್ತು. ಗುರುವಿನ ಹೊಗಳಿಕೆಯನ್ನು ಗುಣಭದ್ರನೂ ಬರೆದಿದ್ದಾನೆ. ಆದರೆ ಆ ಮೂರು ಶ್ಲೋಕದ ಓಲೆಯನ್ನು ಕೈಯಲ್ಲಿ ಹಿಡಿದು, ನಾಲ್ಕನೆಯದಕ್ಕೆ ಕಂಠ ಊರುವಾಗ ಅವನಿಗೆ ಹೇಗಾಗಿರಬಹುದು ಎಂದು ನಾನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ತಿಂಗಳಾದ ಮೇಲೆ ಅಕ್ಕನ ಯಜಮಾನರು ಫೋನು ಮಾಡಿದರು. "ಬಾಯಾರ, ಇಲ್ಲೊಂದಿಷ್ಟು ನೋಟ್‌ಬುಕ್ಕು ಉಳದಾವು. ಹುಡುಗ್ಯಾರು ಬಂದು ಬಾಗಲದಾಗ ನಿಲ್ತಾರ, ಕೇಳೂದಿಲ್ಲ, ಹೋಗೂದಿಲ್ಲ. ಏನ ಮಾಡಲಿ?" ಗಣಿತ ಉಳಿಸಿಕೊಂಡ ಹುಡುಗಿಯರಿಗೆ ಅವಳು ಸಂಜೆ ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಹೋದೆ. ಅವಳ ಮೇಜಿನ ಮೇಲೆ ಹನ್ನೊಂದು ನೋಟ್‌ಬುಕ್ಕು. ಏಳು ತಿದ್ದಿದ್ದಳು. ಎಂಟನೆಯದರಲ್ಲಿ ಮೊದಲ ಲೆಕ್ಕದ ನಡುವೆ ಕೆಂಪು ಗೆರೆ, ಪಕ್ಕದಲ್ಲಿ "ಇಲ್ಲೀತನಕ ಸರಿ". ಎರಡನೆಯ ಲೆಕ್ಕಕ್ಕೆ ಶಾಯಿ ತಾಗಿರಲಿಲ್ಲ.

ಅಲ್ಲೇ ಕುಳಿತು, ಆ ಮನುಷ್ಯನ ಮುಂದೆ, ಸಭೆಯಲ್ಲಿ ಆಡಬೇಕಾಗಿದ್ದ ಮಾತನ್ನು ಆಡಿದೆ. ನಾವು ಮಾತು ಬಿಟ್ಟದ್ದು, ಯಾಕೆ ಬಿಟ್ಟದ್ದು, ಅವಳು ಏನೆಂದಳು, ನಾನು ಏನು ಮಾಡಿದ್ದೆ. ಅವರು ಕೇಳಿಸಿಕೊಂಡು, "ಗೊತ್ತೈತ್ರಿ. ಆ ದಿನ ಮನೀಗೆ ಬಂದು ರಾತ್ರಿ ಉಣಲಿಲ್ಲ. ಹತ್ತು ಮಂದಿ ಮುಂದ ಅನಬಾರದಿತ್ತು ಅಂದ್ಲು" ಎಂದರು. ನಾನು ಕೇಳಿರದ ಅವಳ ಆ ಮಾತನ್ನು ಐದು ವರ್ಷದ ಮೇಲೆ, ಹೀಗೆ ಕೇಳಿದೆ.

ನನ್ನ ಗಣಿತ ಹತ್ತನೆಯದರ ಅರ್ಧಕ್ಕೆ ನಿಲ್ಲುತ್ತದೆ. ಪಾಠ ಹೇಳಲು ಹತ್ತಿರದ ಹೈಸ್ಕೂಲಿನ ಒಬ್ಬ ಹೊಸ ಶಿಕ್ಷಕಿಯನ್ನು ಕೇಳಿಕೊಂಡೆವು, ವಾರಕ್ಕೆ ಎರಡು ಸಂಜೆ ಬರಲು ಒಪ್ಪಿದಳು. ಉಳಿದ ನೋಟ್‌ಬುಕ್ಕು ಮಾತ್ರ ನಾನೇ ತಿದ್ದುತ್ತೇನೆಂದು ಹಟ ಹಿಡಿದೆ. ಆ ಶಿಕ್ಷಕಿ ಬರೆದುಕೊಟ್ಟ ಉತ್ತರ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸುತ್ತ ಹೋದೆ. ಎಂಟನೆಯ ನೋಟ್‌ಬುಕ್ಕಿನ ಹುಡುಗಿ ಎದುರಿಗೇ ಕುಳಿತಿದ್ದಳು. "ಬಾಯಾರ, ಇದು ಸರಿ ಐತ್ರಿ?" ಎಂದಳು. ಸರಿ ಎನ್ನಿ ಎಂದು ಕಣ್ಣು ಬೇಡುತ್ತಿತ್ತು. ಐದನೆಯ ಸಾಲಿನಲ್ಲಿ ಋಣ ಚಿಹ್ನೆ ಬಿಟ್ಟಿದ್ದಳು. ಕೆಂಪು ಪೆನ್ನಿನಿಂದ ಅದರ ಮೇಲೆ ಗೆರೆ ಎಳೆದೆ. ಕೈ ನಡುಗಿ ಗೆರೆ ಸೊಟ್ಟಾಯಿತು.

ಹುಡುಗಿ ಒಂದು ಗಳಿಗೆ ಅದನ್ನು ನೋಡಿ, ಮೇಜಿನ ಖಾನೆ ಎಳೆದು ಮರದ ಸ್ಕೇಲು ತೆಗೆದು ನನ್ನ ಕೈಗೆ ಕೊಟ್ಟಳು. "ಅಕ್ಕೋರು ಇದನ್ನ ಹಿಡದು ಎಳೀತಿದ್ರು" ಎಂದಳು.